ಇಂಗ್ಲೆಂಡಿನ ಸ್ಥಳೀಯ ಬಸ್ಸುಗಳು: ಬಿಟ್ಟುಕೊಟ್ಟ ಅಧಿಕಾರ ಮರಳಿ ಬಂದ ಬಗೆ

ಬ್ರಿಟನ್ನಿನಲ್ಲಿ ಬಸ್ ಪ್ರಯಾಣಿಕರ ಸಂಖ್ಯೆ 1950ರ ದಶಕದ ಆರಂಭದಲ್ಲಿ ಗರಿಷ್ಠ ಮಟ್ಟ ಮುಟ್ಟಿ, ಕಾರುಗಳು ಹೆಚ್ಚಿದಂತೆಲ್ಲ ಇಳಿಯತೊಡಗಿತು. ಜನ ಕಡಿಮೆಯಾದರೆಂದು ದರ ಏರಿಸುವುದು, ದರ ಏರಿತೆಂದು ಮತ್ತಷ್ಟು ಜನ ಬಸ್ಸು ಬಿಡುವುದು, ಕೊನೆಗೆ ಟ್ರಿಪ್ಪುಗಳನ್ನೇ ಕಡಿಮೆ ಮಾಡುವುದು ರೂಢಿಯಾಯಿತು. 1968ರ ಸಾರಿಗೆ ಕಾಯ್ದೆಯು ರಾಷ್ಟ್ರೀಯ ಬಸ್ ಕಂಪನಿಯನ್ನು ಹುಟ್ಟುಹಾಕಿ, ಹಳ್ಳಿಗಾಡಿನ ನಷ್ಟದ ಮಾರ್ಗಗಳಿಗೆ ಸಹಾಯಧನ ಕೊಡಲು ಅವಕಾಶ ಮಾಡಿಕೊಟ್ಟಿತಾದರೂ ಇಳಿಕೆ ನಿಲ್ಲಲಿಲ್ಲ.

ಸಹಾಯಧನದ ಹೊರೆ ಬೆಳೆದಾಗ ಥ್ಯಾಚರ್ ಸರ್ಕಾರ ಪೈಪೋಟಿಯೇ ಪರಿಹಾರವೆಂದು ನಂಬಿತು. 1985ರ ಕಾಯ್ದೆಯ ಪ್ರಕಾರ 1986ರ ಅಕ್ಟೋಬರ್ 26ರಿಂದ, ಲಂಡನ್ ಬಿಟ್ಟು ಬ್ರಿಟನ್ನಿನ ಉಳಿದೆಡೆ, ಪರವಾನಗಿಯುಳ್ಳ ಯಾವ ಕಂಪನಿಯೂ 42 ದಿನಗಳ ಮುನ್ಸೂಚನೆ ನೀಡಿ ತನಗೆ ಬೇಕಾದ ಮಾರ್ಗದಲ್ಲಿ ಬಸ್ಸು ಓಡಿಸಬಹುದಿತ್ತು, ಅಷ್ಟೇ ಸುಲಭವಾಗಿ ನಿಲ್ಲಿಸಲೂಬಹುದಿತ್ತು. ಅದುವರೆಗೆ ಜನ ತುಂಬಿದ ಮಾರ್ಗದ ಲಾಭದಿಂದ ರಾತ್ರಿಯ ಮತ್ತು ಭಾನುವಾರದ ಖಾಲಿ ಟ್ರಿಪ್ಪುಗಳು ನಡೆಯುತ್ತಿದ್ದವು. ಲಾಭದ ಮಾರ್ಗಕ್ಕೆ ಎಲ್ಲ ಕಂಪನಿಗಳೂ ಮುಗಿಬಿದ್ದ ಮೇಲೆ ಆ ಲಾಭ ಹಂಚಿಹೋಯಿತು, ಖಾಲಿ ಟ್ರಿಪ್ಪುಗಳ ಭಾರ ಸ್ಥಳೀಯಾಡಳಿತದ ಬೊಕ್ಕಸದ ಮೇಲೆ ಬಿತ್ತು. ಮ್ಯಾಂಚೆಸ್ಟರಿನ ವಿಲ್ಮ್ಸ್‌ಲೋ ರಸ್ತೆಯಲ್ಲಿ ಒಂದರ ಹಿಂದೊಂದು ಬಸ್ಸು ಬರುತ್ತಿದ್ದರೂ, ಒಂದು ಕಂಪನಿಯ ಟಿಕೆಟ್ ಹಿಡಿದವರು ಹಿಂದೆ ಬಂದ ಇನ್ನೊಂದು ಕಂಪನಿಯ ಬಸ್ಸು ಹತ್ತುವಂತಿರಲಿಲ್ಲ. ಲಂಡನ್ನಿನಲ್ಲಾದರೋ ಮಾರ್ಗ, ದರ, ವೇಳಾಪಟ್ಟಿಗಳನ್ನು ಸಾರ್ವಜನಿಕ ಸಂಸ್ಥೆಯೇ ನಿರ್ಧರಿಸಿ, ಓಡಿಸುವ ಕೆಲಸವನ್ನಷ್ಟೇ ಟೆಂಡರಿನ ಮೂಲಕ ಕಂಪನಿಗಳಿಗೆ ಕೊಡುತ್ತಿತ್ತು. ಮುಂದಿನ ದಶಕಗಳಲ್ಲಿ ಅಲ್ಲಿ ಪ್ರಯಾಣಿಕರು ಹೆಚ್ಚಿದರು, ಉಳಿದ ಮಹಾನಗರಗಳಲ್ಲಿ ಕಡಿಮೆಯಾದರು.

ಈ ಅಂತರ ಕಣ್ಣಿಗೆ ಕಾಣುತ್ತಿದ್ದರೂ ಸರಿಪಡಿಸುವ ಯತ್ನಗಳು ಬಹುಕಾಲ ಅರೆಮನಸ್ಸಿನವಾಗಿದ್ದವು ಎಂದೇ ಹೇಳಬೇಕು. 2000ದ ಕಾಯ್ದೆ ಲಂಡನ್ ಮಾದರಿಯ ಗುತ್ತಿಗೆಗೆ ಅವಕಾಶ ಕೊಟ್ಟಿತಾದರೂ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ ಒಂದು ಊರಿನಲ್ಲೂ ಅದು ಜಾರಿಯಾಗಲಿಲ್ಲ. ಈಶಾನ್ಯ ಇಂಗ್ಲೆಂಡಿನ ಟೈನ್ ಅಂಡ್ ವಿಯರ್ ಪ್ರದೇಶದ ಇಂಥ ಗುತ್ತಿಗೆಯ ಪ್ರಸ್ತಾವ 2015ರಲ್ಲಿ ಬಿದ್ದುಹೋಯಿತು. 2008ರಿಂದ ಹಿರಿಯರಿಗೆ ದೇಶದಾದ್ಯಂತ ಉಚಿತ ಪ್ರಯಾಣ ದೊರೆಯಿತು, ಆದರೆ 2010ರ ನಂತರ ಸ್ಥಳೀಯಾಡಳಿತಗಳ ಅನುದಾನಕ್ಕೆ ಕತ್ತರಿ ಬಿದ್ದು ಅನೇಕ ಹಳ್ಳಿಗಳಲ್ಲಿ ಹತ್ತಲು ಬಸ್ಸೇ ಉಳಿಯಲಿಲ್ಲ.

2017ರ ಕಾಯ್ದೆ ಮೇಯರ್‌ಗಳಿರುವ ಸಂಯುಕ್ತ ಪ್ರಾಧಿಕಾರಗಳಿಗೆ, ಅಂದರೆ ಹಲವು ಸ್ಥಳೀಯಾಡಳಿತಗಳು ಕೂಡಿ ಕಟ್ಟಿಕೊಂಡ ಸಂಸ್ಥೆಗಳಿಗೆ, ಗುತ್ತಿಗೆಯ ಅಧಿಕಾರ ಕೊಟ್ಟಿತು. ಗ್ರೇಟರ್ ಮ್ಯಾಂಚೆಸ್ಟರ್ ಮೇಯರ್ ಆಂಡಿ ಬರ್ನ್‌ಹ್ಯಾಮ್ ಅದನ್ನು ಬಳಸಲು ಮುಂದಾದಾಗ ಬಸ್ ಕಂಪನಿಗಳು ನ್ಯಾಯಾಲಯಕ್ಕೆ ಹೋಗಿ ಸೋತವು. 2023ರ ಸೆಪ್ಟೆಂಬರಿನಲ್ಲಿ ಬೋಲ್ಟನ್ ಮತ್ತು ವಿಗನ್‌ಗಳಿಂದ ಆರಂಭವಾದ ಹಳದಿ ಬಸ್ಸುಗಳ ‘ಬೀ ನೆಟ್‌ವರ್ಕ್’ 2025ರ ಜನವರಿಯಲ್ಲಿ ಇಡೀ ಪ್ರದೇಶವನ್ನು ವ್ಯಾಪಿಸಿತು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯಾಣಕ್ಕೆ 2 ಪೌಂಡ್ ದರಮಿತಿ ತಂದು, 2025ರಲ್ಲಿ ಅದನ್ನು 3 ಪೌಂಡಿಗೆ ಏರಿಸಿತು.

2025ರ ಕಾಯ್ದೆ ಗುತ್ತಿಗೆಯ ದಾರಿಯನ್ನು ಉಳಿದ ಸ್ಥಳೀಯಾಡಳಿತಗಳಿಗೂ ಸುಗಮಗೊಳಿಸಿ, ಅವು ಹೊಸದಾಗಿ ಸ್ವಂತ ಬಸ್ ಕಂಪನಿ ಕಟ್ಟಬಾರದೆಂಬ ನಿಷೇಧವನ್ನು ತೆಗೆದುಹಾಕಿದೆ. ಗುತ್ತಿಗೆಯಲ್ಲಿ ಟಿಕೆಟ್ ಹಣ ಆಡಳಿತಕ್ಕೆ ಸೇರುತ್ತದೆ, ಪ್ರಯಾಣಿಕರು ಕಡಿಮೆಯಾದರೆ ನಷ್ಟವೂ ಅದರದ್ದೇ. ಆ ನಷ್ಟ ತಾಳುವ ಬೊಕ್ಕಸವಾಗಲಿ, ಮಾರ್ಗ ರೂಪಿಸಿ ಟೆಂಡರ್ ಕರೆಯಬಲ್ಲ ಸಿಬ್ಬಂದಿಯಾಗಲಿ ಸಾಕಷ್ಟಿಲ್ಲದ ಸಣ್ಣ ಕೌಂಟಿಗಳಿಗೆ ಹಲವು ವರ್ಷಗಳ ಅನುದಾನದ ಖಾತರಿ ದೊರೆಯದ ಹೊರತು, ಈ ಅಧಿಕಾರವನ್ನು ಬಳಸುವುದು ಅವುಗಳಿಗೆ ಕಷ್ಟ.