ಪಕ್ಕದ ಬೀದಿ ಮನೆ ಎಷ್ಟಕ್ಕೆ ಹೋಯ್ತು ಅಂತ ತಿಳ್ಕೊಳ್ಳೋದು ಹೆಂಗೆ?

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ 30×40 ಸೈಟಲ್ಲಿ ನಮ್ದೊಂದು ಹಳೇ ಮನೆ ಇದೆ, ಮಾರೋಣ ಅಂತಿದೀವಿ. ನಮ್ಮ ಪಕ್ಕದ ಬೀದೀಲೇ ಹೋದ ವರ್ಷ ಒಂದು ಮನೆ ಸೇಲ್ ಆಯ್ತು, ಒಬ್ರು 40 ಲಕ್ಷ ಅಂತಾರೆ, ಇನ್ನೊಬ್ರು 60 ಅಂತಾರೆ. ನಿಜ ರೇಟು ನೋಡೋಕೆ ದಾರಿ ಇದ್ಯಾ?

ಉತ್ತರ: ಇದೆ ಮಾರಾಯ್ರೆ, ಆದ್ರೆ ಸಿಗೋದು ಪತ್ರದಲ್ಲಿ ಬರೆಸಿದ ರೇಟು. ಕೈಗೆ ಬಂದ ರೇಟು ಎಷ್ಟು ಅನ್ನೋದನ್ನ ಅದರಿಂದ ನೀವೇ ಅಂದಾಜು ಮಾಡ್ಕೋಬೇಕು.

ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿಗೆ ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಆಗಿ ಆ ಮನೆಯ ಇ.ಸಿ., ಅಂದ್ರೆ ಋಣಭಾರ ಪತ್ರಕ್ಕೆ ಅರ್ಜಿ ಹಾಕಿ, ಆ ಆಸ್ತಿ ಮೇಲೆ ನೋಂದಣಿ ಆಗಿರೋ ವ್ಯವಹಾರಗಳ ಪಟ್ಟಿ ಅದು. ಬೇರೆಯವರ ಆಸ್ತಿ ನಾವು ನೋಡ್ಬೋದಾ ಅಂತ ಸಂಕೋಚ ಬೇಡ, 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿ ಪತ್ರಗಳ ಪುಸ್ತಕವನ್ನ ಫೀಸ್ ಕಟ್ಟಿ ಯಾರು ಬೇಕಾದ್ರೂ ನೋಡ್ಬೋದು. ವಿಲ್ ಮಾತ್ರ ಹಂಗಲ್ಲ. ಆನ್‌ಲೈನ್ ತಲೆಬಿಸಿ ಅನ್ನಿಸಿದ್ರೆ ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ ಕೂತಿರೋ ಪತ್ರ ಬರಹಗಾರರನ್ನ ಕೇಳಿ, ಅವರಿಗೆ ಇದು ದಿನಾ ಮಾಡೋ ಕೆಲಸ. ಡೋರ್ ನಂಬರ್ ಹಳೇದಾ ಹೊಸದಾ, ಸರ್ವೆ ನಂಬರ್ ಯಾವುದು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಏನು ಅಂತ ಮೊದ್ಲೇ ತಿಳ್ಕೊಂಡು ಹೋಗಿ, ಯಾಕಂದ್ರೆ ನಂಬರ್ ತಪ್ಪಿದ್ರೆ ಯಾವ ವ್ಯವಹಾರನೂ ಇಲ್ಲ ಅಂತ ಖಾಲಿ ಇ.ಸಿ. ಬರುತ್ತೆ, ನೀವು ಮನೆ ಸೇಲೇ ಆಗಿಲ್ಲ ಅನ್ಕೊಂಡು ಸುಮ್ನಾಗ್ತೀರ.

ಇ.ಸಿ.ಲಿ ಬರೆದುಕೊಟ್ಟವರು, ಬರೆಸಿಕೊಂಡವರು, ತಾರೀಕು, ಪತ್ರದ ನಂಬರ್ ಎಲ್ಲ ಇರುತ್ತೆ. ನಿಮಗೆ ಬೇಕಾಗಿರೋದು ಎರಡು ಮೊತ್ತ, ಒಂದು ಪ್ರತಿಫಲ, ಅಂದ್ರೆ ಪತ್ರದಲ್ಲಿ ಬರೆಸಿದ ಕ್ರಯದ ಹಣ, ಇನ್ನೊಂದು ಮಾರುಕಟ್ಟೆ ಮೌಲ್ಯ. ಈ ಮಾರುಕಟ್ಟೆ ಮೌಲ್ಯ ಅನ್ನೋದು ಮಾರ್ಕೆಟ್ ರೇಟ್ ಅಲ್ಲ, ಮಾರ್ಗಸೂಚಿ ದರದ, ಅಂದ್ರೆ ಸರ್ಕಾರ ಏರಿಯಾವಾರು ಗೊತ್ತು ಮಾಡಿರೋ ದರದ ಲೆಕ್ಕ. ಅದಕ್ಕಿಂತ ಕಮ್ಮಿ ಬರೆಸಿದ್ರೂ ಸ್ಟಾಂಪ್ ಡ್ಯೂಟಿ ಅದರ ಮೇಲೇ ಕಟ್ಬೇಕು, ಜಾಸ್ತಿ ಬರೆಸಿದ್ರೆ ಜಾಸ್ತೀನೇ ಕಟ್ಬೇಕು, ಅದರ ಮೇಲೆ ನೋಂದಣಿ ಶುಲ್ಕನೂ 2025ರ ಆಗಸ್ಟ್ ಕೊನೇಲಿ 1% ಇದ್ದಿದ್ದು 2% ಆಯ್ತು, ಹಂಗಾಗಿ ಬಹಳ ಜನ ಸರಿಯಾಗಿ ಮಾರ್ಗಸೂಚಿ ದರಕ್ಕೇ ಬರೆಸಿ ಉಳಿದಿದ್ದನ್ನ ಕ್ಯಾಶಲ್ಲಿ ಮುಗಿಸ್ತಾರೆ. ಅದು ಕಾನೂನಿಗೆ ವಿರುದ್ಧ, ಆದ್ರೂ ನಡೆಯುತ್ತೆ. ಎರಡೂ ಮೊತ್ತ ಒಂದೇ ಆಗಿದ್ರೆ ಅಥವಾ ತೀರಾ ಹತ್ರ ಇದ್ರೆ ಆ ರೇಟನ್ನ ನಂಬ್ಕೊಂಡು ನಿಮ್ಮ ಮನೆ ಬೆಲೆ ಹೇಳೋಕೆ ಹೋಗ್ಬೇಡಿ.

ಆಗ ಏನ್ ಮಾಡೋದು? ಅದೇ ಇ.ಸಿ.ಲಿ ಕ್ರಯದ ಎಂಟ್ರಿ ಪಕ್ಕದಲ್ಲೇ, ಅದೇ ವಾರದ ಆಸುಪಾಸು, ಬ್ಯಾಂಕಿಗೆ ಪತ್ರ ಅಡ ಇಟ್ಟ ಎಂಟ್ರಿ ಇದ್ಯಾ ನೋಡಿ, ನನ್ನ ಪ್ರಕಾರ ಇಡೀ ಕಾಗದದಲ್ಲಿ ಇದೇ ಮುಖ್ಯವಾದ ಸಾಲು. ಉದಾಹರಣೆಗೆ ಕ್ರಯ 40 ಲಕ್ಷ ಅಂತ ಇದೆ, ಕೆಳಗೆ 44 ಲಕ್ಷದ ಸಾಲ ಅಂತಿದೆ ಅನ್ಕೊಳ್ಳಿ. 30ರಿಂದ 75 ಲಕ್ಷದವರೆಗಿನ ಹೋಮ್ ಲೋನಿಗೆ ಆರ್‌ಬಿಐ ಮಿತಿ ಮನೆ ಬೆಲೆಯ 80%, ಅಂದ್ರೆ ಬ್ಯಾಂಕಿನವರು ಆ ಮನೇನ ಕಮ್ಮಿ ಅಂದ್ರೂ 55 ಲಕ್ಷ ಅಂತ ಲೆಕ್ಕ ಹಾಕಿದಾರೆ ಅಂತಾಯ್ತು. ಆದ್ರೆ ರಿಪೇರಿಗೆ ಅಂತನೋ ಮೇಲೊಂದು ಫ್ಲೋರ್ ಕಟ್ಟೋಕೆ ಅಂತನೋ ತಗೊಂಡ ಸಾಲನೂ ಅದ್ರಲ್ಲಿ ಸೇರಿರ್ಬೋದು, ಆರು ತಿಂಗಳು ಬಿಟ್ಟು ಬಂದ ಎಂಟ್ರಿ ಆದ್ರಂತೂ ಈ ಲೆಕ್ಕ ಹಾಕ್ಲೇಬೇಡಿ. ಒಂದೇ ಮನೆ ನೋಡೋದೂ ಬೇಡ, ಅದೇ ಏರಿಯಾದ ಮೂರ್ನಾಲ್ಕು ಮನೆ ತೆಗೆಸಿ.

ತೀರ್ಥಹಳ್ಳಿ, ಹೊಸನಗರ ಕಡೆ ಹಳ್ಳಿ ಮನೆ ಆದ್ರೆ ಇನ್ನೊಂದು ಪಜೀತಿ. ಮನೆ, ಕೊಟ್ಟಿಗೆ, ಅಡಿಕೆ ತೋಟ ಎಲ್ಲ ಒಂದೇ ಪತ್ರದಲ್ಲಿ ಹೋಗಿರುತ್ತೆ, ಮೊತ್ತನೂ ಒಂದೇ, ಅದ್ರಲ್ಲಿ ಮನೆಗೆಷ್ಟು ತೋಟಕ್ಕೆಷ್ಟು ಅಂತ ಇ.ಸಿ.ಲಿ ಗೊತ್ತಾಗಲ್ಲ. ಪತ್ರದ ನಂಬರ್ ಹಿಡ್ಕೊಂಡು ದೃಢೀಕೃತ ನಕಲು ತೆಗೆಸಿ ಶೆಡ್ಯೂಲ್, ಅಂದ್ರೆ ಆಸ್ತಿ ವಿವರ ಬರೆದಿರೋ ಭಾಗ ಓದಿದ್ರೆ ತೋಟ ಎಷ್ಟು ಗುಂಟೆ ಅನ್ನೋದಾದ್ರೂ ಸಿಗುತ್ತೆ. 2004ಕ್ಕಿಂತ ಹಳೇ ವ್ಯವಹಾರ ಆದ್ರೆ ಆನ್‌ಲೈನ್ ಬಿಟ್ಟು ಆಫೀಸಿಗೇ ಹೋಗಿ.

ಇನ್ನು ಇ.ಸಿ.ಲಿ ದಾನಪತ್ರ, ವಿಭಾಗ ಪತ್ರ, ಹಕ್ಕು ಬಿಡುಗಡೆ ಅಂತ ಇದ್ರೆ ಅದು ಮನೆಯವರ ಒಳಗಿನ ವ್ಯವಹಾರ, ಅಲ್ಲಿರೋ ಮೊತ್ತ ನಿಮ್ಮ ಕೆಲಸಕ್ಕೆ ಬರಲ್ಲ, ಬೇರೆ ಮನೆ ನೋಡಿ.