ನಿಂತ ಮದುವೆಯ ಅಡ್ವಾನ್ಸ್

ಕೆಲವು ತಿಂಗಳ ಹಿಂದೆ ಒಬ್ಬ ತಂದೆ ನನ್ನ ಮೇಜಿನ ಮೇಲೆ ಏಳು ರಸೀದಿ ಹರಡಿದರು. ಹಾಲ್, ಅಡುಗೆ, ಅಲಂಕಾರ, ಫೋಟೋ, ಮೇಕಪ್, ಬಟ್ಟೆ, ಬಸ್ಸು. ಮಗಳ ಮದುವೆ ಮುರಿದು ಐದು ವಾರವಾಗಿತ್ತು. ಆರು ರಸೀದಿಗಳ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಡ್ವಾನ್ಸ್ ವಾಪಸ್ ಇಲ್ಲ’ ಅಂತ ಅಚ್ಚಾಗಿತ್ತು. “ಇದ್ರಲ್ಲಿ ಏನಾದ್ರೂ ಬರುತ್ತಾ ಸಾರ್, ಇಲ್ಲ ಸುಮ್ನೆ ಮರೆತುಬಿಡ್ಲಾ?” ಅಂದರು.

ನಾನು ಮೊದಲು ಕೇಳಿದ್ದು, “ಮದುವೆ ಇಲ್ಲ ಅಂತ ಇವರಿಗೆಲ್ಲ ಹೇಳಿದ್ದೀರಾ?” ಅಂತ. ಇಬ್ಬರಿಗೆ ಮಾತ್ರ ಹೇಳಿದ್ದರು, ಅದೂ ಫೋನಿನಲ್ಲಿ. ಉಳಿದವರಿಗೆ ಹೇಳೋಕೆ ಬಾಯಿ ಬಂದಿರಲಿಲ್ಲ.

ಆ ಸಂಕಟ ಅರ್ಥವಾಗುತ್ತದೆ. ಆದರೆ ದುಡ್ಡು ಜಾಸ್ತಿ ಕೈಬಿಡುವುದು ಈ ವಾರಗಳಲ್ಲೇ. ಮದುವೆ ಹಾಲಿನವರು, ಫೋಟೋದವರು ನಿಜವಾಗಿ ಮಾರುವುದು ತಾರೀಖನ್ನು. ನೀವು ಸುಮ್ಮನಿದ್ದಷ್ಟು ದಿನ ಅವರು ಬೇರೆಯವರನ್ನು ವಾಪಸ್ ಕಳಿಸುತ್ತಿರುತ್ತಾರೆ. ಹಾಗೆ ಕಳೆದುಕೊಂಡ ಪ್ರತಿ ಗಿರಾಕಿಯೂ ನಾಳೆ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಇನ್ನು ಆ ಸಣ್ಣ ಅಕ್ಷರದ ಸಾಲು. ಅದನ್ನು ಓದಿ ಎಷ್ಟೋ ಜನ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಕಾನೂನು ದೇಶಕ್ಕೊಂದು ಥರ ಇದ್ದರೂ, ಬಹಳ ಕಡೆ ಕೋರ್ಟು ಆ ಸಾಲಿಗಷ್ಟೇ ನಿಲ್ಲುವುದಿಲ್ಲ. ನಿಮ್ಮಿಂದ ಎದುರಿನವರಿಗೆ ನಿಜಕ್ಕೂ ಎಷ್ಟು ನಷ್ಟ ಆಯಿತು ಅಂತ ನೋಡುತ್ತದೆ. ಭಾರತದ 1872ರ ಕರಾರು ಕಾಯ್ದೆಯ 74ನೇ ಕಲಂ ಹೇಳುವುದೂ ಇದನ್ನೇ: ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ. 2015ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಒಂದು ನಿವೇಶನದ ಮೊಕದ್ದಮೆಯಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿತು. ಹರಾಜಿನಲ್ಲಿ ನಿವೇಶನ ಹಿಡಿದವರು ಕಟ್ಟಿದ್ದ ಮುಂಗಡವನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮುಟ್ಟುಗೋಲು ಹಾಕಿಕೊಂಡು, ಅದೇ ಜಾಗವನ್ನು ಮತ್ತೆ ಹರಾಜು ಹಾಕಿ ಹಿಂದಿನದಕ್ಕಿಂತ ತುಂಬಾ ಜಾಸ್ತಿ ಬೆಲೆಗೆ ಮಾರಿತ್ತು. ನಷ್ಟವೇ ಆಗಿಲ್ಲದಾಗ ಮುಂಗಡ ಇಟ್ಟುಕೊಳ್ಳುವುದು ಹೇಗೆ ಅಂತ ಕೋರ್ಟು ಅದನ್ನು ವಾಪಸ್ ಕೊಡಿಸಿತು. ಹಾಲಿನವರು ನಿಮ್ಮ ತಾರೀಖನ್ನು ಇನ್ನೊಬ್ಬರಿಗೆ ಕೊಟ್ಟರೆ ಕಥೆ ಹೆಚ್ಚುಕಡಿಮೆ ಅದೇ, ಅಲ್ವಾ?

ಹಾಗಂತ ಎಲ್ಲ ಅಡ್ವಾನ್ಸೂ ಒಂದೇ ಅಲ್ಲ. ಬಟ್ಟೆಯವರು ಅಳತೆ ತೆಗೆದು ಕತ್ತರಿ ಹಾಕಿಯಾಗಿದ್ದರೆ ಆ ದುಡ್ಡು ಖರ್ಚಾಗಿಹೋಗಿದೆ. ಅಡುಗೆಯವರು ಇನ್ನೂ ಸಾಮಾನು ತಂದಿಲ್ಲದಿದ್ದರೆ ಅವರ ಖರ್ಚು ಕಡಿಮೆ. ಎಲ್ಲವನ್ನೂ ಒಬ್ಬ ಇವೆಂಟ್‌ನವರಿಗೆ ವಹಿಸಿದ್ದರೆ, ಅವರು ಯಾರಿಗೆ ಎಷ್ಟು ಕೊಟ್ಟಿದ್ದಾರೆ ಅನ್ನುವುದನ್ನು ರಸೀದಿ ಸಮೇತ ಕೇಳಿ. “ಎಲ್ಲರಿಗೂ ಕೊಟ್ಟಾಯ್ತು” ಅನ್ನುವ ಬಾಯಿಮಾತನ್ನು ನಾನಂತೂ ನಂಬುವುದಿಲ್ಲ.

ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆ ನನಗೆ ಇಷ್ಟ. 1902ರ ಜೂನಿನಲ್ಲಿ ರಾಜ ಏಳನೇ ಎಡ್ವರ್ಡನ ಪಟ್ಟಾಭಿಷೇಕ ನಿಗದಿಯಾಗಿತ್ತು. ಮೆರವಣಿಗೆ ನೋಡಲು ಒಬ್ಬಾತ ಲಂಡನ್ನಿನಲ್ಲಿ ಎರಡು ದಿನಕ್ಕೆ ಕೋಣೆಗಳನ್ನು ಹಿಡಿದ. ಬಾಡಿಗೆ 75 ಪೌಂಡ್, ಮುಂಗಡ 25. ರಾಜನಿಗೆ ಕಾಯಿಲೆಯಾಗಿ ಮೆರವಣಿಗೆಯೇ ನಿಂತಿತು. ಬಾಕಿ 50 ಪೌಂಡ್ ಕೊಡಬೇಕಿಲ್ಲ ಅಂತ 1903ರಲ್ಲಿ ತೀರ್ಪಾಯಿತು. ಕೊಟ್ಟಿದ್ದ 25 ಪೌಂಡನ್ನು ಮಾತ್ರ ಆತ ಮೇಲ್ಮನವಿಯ ಹಂತದಲ್ಲಿ ಕೇಳುವುದನ್ನೇ ಬಿಟ್ಟಿದ್ದ. ಇದನ್ನು ಹಿಡಿದುಕೊಂಡು “ನಮ್ಮ ಮದುವೆಯೂ ನಿಂತಿತಲ್ಲ” ಅನ್ನುವಂತಿಲ್ಲ. ಮನಸ್ಸು ಬದಲಾಗುವುದು ರಾಜನ ಕಾಯಿಲೆಯಂಥದ್ದಲ್ಲ, ಕರಾರು ಮುರಿದವರು ನಾವೇ ಆಗುತ್ತೇವೆ. ಆದರೆ ಎರಡನೇ ಕಂತು ಇನ್ನೂ ನಿಮ್ಮ ಹತ್ತಿರವೇ ಇದ್ದರೆ ಲೆಕ್ಕ ಕೇಳದೆ ಅದನ್ನು ಕಟ್ಟಬೇಡಿ.

ಆ ತಂದೆ ಮನೆಯಲ್ಲೇ ಒಂದು ಪತ್ರ ಬರೆದುಕೊಂಡು ಬಂದಿದ್ದರು. ಮೂರು ಪುಟ, ಅದರಲ್ಲಿ ಎರಡೂವರೆ ಪುಟ ಗಂಡಿನ ಕಡೆಯವರ ಮೇಲಿನ ಸಿಟ್ಟು. ಹಾಲಿನವರಿಗೆ ಅದು ಯಾಕೆ ಬೇಕು? ಎಲ್ಲ ಹೊಡೆದುಹಾಕಿ ನಾಲ್ಕು ಸಾಲು ಉಳಿಸಿದೆವು: “ಈ ತಾರೀಖಿನ ಕಾರ್ಯಕ್ರಮ ರದ್ದಾಗಿದೆ. ತಾರೀಖನ್ನು ಇಂದಿನಿಂದಲೇ ಬೇರೆಯವರಿಗೆ ಕೊಡಬಹುದು. ನಮಗಾಗಿ ಇದುವರೆಗೆ ಆಗಿರುವ ಖರ್ಚಿನ ಬಿಲ್ ಕಳಿಸಿ. ಅದನ್ನು ಮುರಿದುಕೊಂಡು ಉಳಿದ ಹಣವನ್ನು ಹದಿನೈದು ದಿನದೊಳಗೆ ಹಿಂತಿರುಗಿಸಿ.” ಎರಡನೇ ಸಾಲೇ ಮುಖ್ಯ. ಅದಾದ ಮೇಲೆ ತಾರೀಖು ಖಾಲಿ ಉಳಿದರೆ, ಮಾರೋಕೆ ಏನು ಪ್ರಯತ್ನ ಮಾಡಿದಿರಿ ಅಂತ ಅವರನ್ನೇ ಕೇಳಬಹುದು. ಪತ್ರವನ್ನು ವಾಟ್ಸಾಪ್‌ನಲ್ಲೂ ಇಮೇಲ್‌ನಲ್ಲೂ ಕಳಿಸಿ. ದುಡ್ಡು ಯಾರ ಖಾತೆಯಿಂದ ಹೋಗಿದೆಯೋ, ರಸೀದಿ ಯಾರ ಹೆಸರಿನಲ್ಲಿದೆಯೋ ಅವರೇ ಕಳಿಸಲಿ. ಚಿಕ್ಕಪ್ಪನ ಹೆಸರಿನ ರಸೀದಿಗೆ ಅಪ್ಪ ಜಗಳಕ್ಕೆ ನಿಂತರೆ ಅರ್ಧ ತಿಂಗಳು ಅದರಲ್ಲೇ ಹೋಗುತ್ತದೆ.

ಉತ್ತರವೇ ಬರದಿದ್ದರೆ ಲಾಯರ್ ನೋಟಿಸು, ಆಮೇಲೆ ಗ್ರಾಹಕರ ಆಯೋಗ. ಭಾರತದ 2019ರ ಗ್ರಾಹಕರ ಕಾಯ್ದೆಯಲ್ಲಿ, ಆದ ನಷ್ಟಕ್ಕೆ ತಾಳೆಯೇ ಇಲ್ಲದ ದಂಡ ಹಾಕುವ ಕರಾರನ್ನು ಅನ್ಯಾಯದ ಕರಾರು ಅಂತಲೇ ಕರೆದಿದ್ದಾರೆ. ದೂರಿಗೆ ಎರಡು ವರ್ಷ ಕಾಲಾವಕಾಶ.

ಆ ಏಳು ರಸೀದಿಗಳ ಕಥೆ ಹೀಗಾಯಿತು. ಬಸ್ಸಿನವರ ರಸೀದಿಯಲ್ಲಿ ಆ ಸಾಲು ಇರಲಿಲ್ಲ, ಅವರು ಮರುದಿನವೇ ಪೂರ್ತಿ ಕೊಟ್ಟರು. ಹಾಲಿನವರು ಮೊದಲು ಖಡಾಖಂಡಿತ ಇಲ್ಲ ಅಂದರು. ಮೂರು ವಾರ ಬಿಟ್ಟು ಮಗಳ ಗೆಳತಿಯೊಬ್ಬಳು ಅದೇ ತಾರೀಖು ಸಿಗುತ್ತಾ ಅಂತ ಮೆಸೇಜ್ ಹಾಕಿದಳು. “ಬುಕ್ ಆಗಿದೆ ಮೇಡಂ” ಅಂತ ಉತ್ತರ ಬಂತು. ಆ ಮೆಸೇಜಿನ ಚಿತ್ರ ಕಳಿಸಿದ ಮೇಲೆ ಬುಕಿಂಗ್ ಖರ್ಚು ಹಿಡಿದು ಉಳಿದದ್ದು ಖಾತೆಗೆ ಬಂತು. ಅಡುಗೆ ಮತ್ತು ಅಲಂಕಾರದವರು ಅರ್ಧಕ್ಕಿಂತ ಜಾಸ್ತಿ ಕೊಟ್ಟರು. ನಾವು ತಡವಾಗಿ ಹೇಳಿದ್ದಕ್ಕೆ ಒಬ್ಬ ಗಿರಾಕಿಯನ್ನು ಕಳೆದುಕೊಂಡಿದ್ದನ್ನು ಫೋಟೋದವರು ಚಾಟ್ ಸಮೇತ ತೋರಿಸಿದರು, ಅಲ್ಲಿ ನಾವು ಬಾಯಿ ಮುಚ್ಚಿಕೊಂಡೆವು. ಮೇಕಪ್‌ನವರಿಗೆ ನೋಟಿಸು ಹೋಗಿದೆ. ಬಟ್ಟೆಯವರು ದುಡ್ಡು ಕೊಡಲಿಲ್ಲ. ಅರ್ಧ ಹೊಲಿದ ಬಟ್ಟೆಯನ್ನು ಮಡಿಸಿ ಕವರಿನಲ್ಲಿ ಹಾಕಿ ಮನೆಗೆ ಕಳಿಸಿದರು.