ಕಂಪನಿ ಪಾರ್ಟಾ, ಹೊರಗಿನದಾ?

ಕಳೆದ ಮಳೆಗಾಲದಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಗ್ಯಾರೇಜಿಗೆ ಕಾರು ತಂದರು. "ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಸೆಕೆಂಡು ಕಟಕಟ ಅನ್ನುತ್ತೆ ಕಣಪ್ಪಾ. ಆಮೇಲೆ ದಿನವೆಲ್ಲ ಏನೂ ಇಲ್ಲ" ಅಂದರು. ಬೇರೆ ಕಡೆ ತೋರಿಸಿದ್ದಕ್ಕೆ ಟೈಮಿಂಗ್ ಚೈನ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದಿದ್ದರಂತೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಬಂದಿದ್ದರು. ರಾತ್ರಿ ಕಾರು ಇಲ್ಲೇ ಇರಲಿ ಅಂದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಹೌದು, ಕಟಕಟ. ಕೆಳಗೆ ಬಗ್ಗಿ ನೋಡಿದೆ. ಹೆಸರೇ ಕೇಳಿರದ ಆಯಿಲ್ ಫಿಲ್ಟರ್ ಕೂತಿತ್ತು. ಅದನ್ನು ತೆಗೆದು ಬೇರೆ ಹಾಕಿದೆ. ಮರುದಿನ ಬೆಳಗ್ಗೆ ಶಬ್ದ ಇಲ್ಲ.

ಹಳೇ ಫಿಲ್ಟರನ್ನು ಕೊಯ್ದು ಮೇಷ್ಟ್ರಿಗೆ ತೋರಿಸಿದೆ. ಇಂಥ ಫಿಲ್ಟರ್ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಇಂಜಿನ್ ನಿಂತ ಮೇಲೆ ಫಿಲ್ಟರ್‌ನಲ್ಲಿರುವ ಆಯಿಲ್ ಕೆಳಗೆ ಇಳಿದು ಹೋಗದ ಹಾಗೆ ಹಿಡಿದಿಡುವುದು ಅದರ ಕೆಲಸ. ಈ ಫಿಲ್ಟರ್‌ನಲ್ಲಿ ಆ ರಬ್ಬರ್ ಒಣಗಿದ ಚಕ್ಕೆಯ ಹಾಗೆ ಗಟ್ಟಿಯಾಗಿತ್ತು. ರಾತ್ರಿಯೆಲ್ಲ ಆಯಿಲ್ ಇಳಿದು ಇಂಜಿನ್ ತಳದ ಸಂಪ್ ಸೇರುತ್ತಿತ್ತು. ಬೆಳಗ್ಗೆ ಪಂಪು ಮೊದಲು ಖಾಲಿ ಫಿಲ್ಟರ್ ತುಂಬಿಸಿ, ಆಮೇಲೆ ಮೇಲಕ್ಕೆ ಕಳಿಸಬೇಕು. ಅಲ್ಲಿಯವರೆಗೆ ಇಂಜಿನ್ ಒಣಗಿಕೊಂಡೇ ಓಡುತ್ತಿತ್ತು. ಹೊರಗಿನಿಂದ ನೋಡಿದರೆ ಅದೇ ಸೈಜು, ಅದೇ ಥ್ರೆಡ್, ಇನ್ನೂ ಚೆನ್ನಾಗಿ ಹೊಳೆಯುವ ಪೇಂಟು!

"ಹಾಗಾದ್ರೆ ಇನ್ಮೇಲೆ ಹೊರಗಿನ ಮಾಲು ಹಾಕಲೇಬಾರದು ಅಲ್ವಾ?" ಅಂದರು ಮೇಷ್ಟ್ರು. ನಾನು ನಕ್ಕೆ. ಈಗ ಹಾಕಿದ್ದ ಫಿಲ್ಟರೂ ಹೊರಗಿನದೇ. ಶೋರೂಂ ಡಬ್ಬಿಯದಲ್ಲ, ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಯಿಂದ ತರಿಸಿದ್ದು.

ಹೆಚ್ಚಿನವರು ಎಡವುವುದು ಇಲ್ಲಿ. ಕಂಪನಿಯದು ಒಂದು, ಹೊರಗಿನದು ಇನ್ನೊಂದು, ಅಷ್ಟೇ ಅಂದುಕೊಂಡಿರುತ್ತಾರೆ. ನಿಜ ಏನೆಂದರೆ ಕಾರು ಕಂಪನಿ ತನ್ನ ಕಾರಿನ ಎಷ್ಟೋ ಪಾರ್ಟ್‌ಗಳನ್ನು ತಾನು ಮಾಡುವುದೇ ಇಲ್ಲ. ಸ್ಪಾರ್ಕ್ ಪ್ಲಗ್ ಎನ್‌ಜಿಕೆ, ಬಾಷ್ ಅಥವಾ ಡೆನ್ಸೊದಿಂದ ಬಂದಿರುತ್ತದೆ. ಕ್ಲಚ್ಚು ವ್ಯಾಲಿಯೋ, ಲುಕ್ ಅಥವಾ ಎಕ್ಸೆಡಿ ಮಾಡಿರುತ್ತದೆ. ಸ್ಟಿಯರಿಂಗ್ ಪಾರ್ಟ್ ಅಂದರೆ ರಾಣೆ, ಬ್ರೇಕ್ ಅಂದರೆ ಬ್ರೇಕ್ಸ್ ಇಂಡಿಯಾ, ಹೀಗೆ ಒಂದೊಂದಕ್ಕೂ ಅದನ್ನೇ ಮಾಡುವವರು ಇದ್ದಾರೆ. ನಮ್ಮ ಬೆಂಗಳೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಡುಗೋಡಿಯ ಮೈಕೋ ಫ್ಯಾಕ್ಟರಿ ನೋಡಿಕೊಂಡೇ ಬೆಳೆದವರು ನಾವು. ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ "ಮೈಕೋ ಪ್ಲಗ್ ಕೊಡಪ್ಪಾ" ಅಂತಲೇ ಕೇಳುತ್ತಾರೆ.

ಹಾಗಾಗಿ ಅಂಗಡಿಯಲ್ಲಿ ಸಿಗುವುದು ಎರಡು ಜಾತಿಯಲ್ಲ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು. ಅದನ್ನು ಮಾಡಿಕೊಟ್ಟವರೇ ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುವುದು ಇನ್ನೊಂದು. ಇದರ ರೇಟು ಸಾಮಾನ್ಯವಾಗಿ ಕಡಿಮೆ. ಆ ಕಾರಿಗೆ ಸಪ್ಲೈ ಮಾಡದಿದ್ದರೂ ಹೆಸರು ಉಳಿಸಿಕೊಂಡ ಬೇರೆ ಕಂಪನಿಗಳ ಮಾಲು ಮೂರನೆಯದು. ನಾಲ್ಕನೆಯದು ಊರು ಹೆಸರಿಲ್ಲದ ಲೋಕಲ್. ಇವೆಲ್ಲಕ್ಕಿಂತ ಕೆಟ್ಟದ್ದು ಕಂಪನಿ ಡಬ್ಬಿಯನ್ನೇ ನಕಲು ಮಾಡಿದ ಡೂಪ್ಲಿಕೇಟು. ಲೋಕಲ್ ಮಾಲು ತಾನು ಲೋಕಲ್ ಅಂತ ಒಪ್ಪಿಕೊಳ್ಳುತ್ತದೆ. ಡೂಪ್ಲಿಕೇಟು ಸುಳ್ಳು ಹೇಳುತ್ತದೆ.

ಹಿಂದೆ 1.3 ಲೀಟರ್ ಡೀಸೆಲ್ ಇಂಜಿನ್ ಒಂದಿತ್ತು, ನೆನಪಿದೆಯಾ? ಹುಟ್ಟಿದ್ದು ಫಿಯಟ್‌ನಲ್ಲಿ. ಓಡಿದ್ದು ಮಾರುತಿ ಸ್ವಿಫ್ಟ್‌ನಲ್ಲಿ, ಟಾಟಾ ವಿಸ್ತಾದಲ್ಲಿ, ಫಿಯಟ್ ಪುಂಟೋದಲ್ಲಿ. ಆ ಮೂರು ಕಾರಿನವರೂ ನಮ್ಮಲ್ಲಿಗೆ ಬರುತ್ತಿದ್ದರು. ಇಂಜಿನ್ ಒಂದೇ ಮೂಲದ್ದು, ಡಬ್ಬಿ ಮೂರು, ರೇಟೂ ಮೂರು. ಡಬ್ಬಿಯ ಮೇಲಿನ ಹೆಸರಿಗೆ ಎಷ್ಟು ದುಡ್ಡು ಹೋಗುತ್ತದೆ ಅಂತ ನಾನು ಕಲಿತದ್ದು ಆಗ. ಆದರೆ ಒಂದು ಮಾತು. ಒಬ್ಬರೇ ಮಾಡಿದರು ಅಂದ ಮಾತ್ರಕ್ಕೆ ಎರಡೂ ಒಂದೇ ಮಾಲು ಅಂತ ಯಾವಾಗಲೂ ಅಲ್ಲ. ಬ್ರೇಕ್ ಪ್ಯಾಡ್ ಮಾಡುವವರು ಕಾರು ಕಂಪನಿಗೆ ಒಂದು ಮಿಶ್ರಣ, ಅಂಗಡಿಗೆ ಇನ್ನೊಂದು ಮಿಶ್ರಣ ಕೊಡಬಹುದು. ಅದಕ್ಕೇ ನಾವು ಪಾರ್ಟ್ ನಂಬರ್ ಹೋಲಿಸಿ ನೋಡದೆ ಹಾಕುವುದಿಲ್ಲ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು? ನಾನು ಮೊದಲು ನೋಡುವುದು ಕೂಲಿಯನ್ನು. ಪಾರ್ಟಿಗಿಂತ ಅದನ್ನು ಬಿಚ್ಚಿ ಹಾಕುವ ಕೂಲಿ ಜಾಸ್ತಿ ಇದ್ದರೆ ಪಾರ್ಟಿನಲ್ಲಿ ಉಳಿಸಬೇಡಿ. ಕ್ಲಚ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಜೊತೆಗೇ ಇರುವ ರಿಲೀಸ್ ಬೇರಿಂಗ್‌ನಲ್ಲಿ ನಾಲ್ಕು ಕಾಸು ಉಳಿಸಿದರೆ, ಅದು ಆರು ತಿಂಗಳಿಗೆ ಕಿರುಗುಟ್ಟಿದಾಗ ಮತ್ತೆ ಅಷ್ಟೂ ಇಳಿಸಬೇಕು. ಟೈಮಿಂಗ್ ಬೆಲ್ಟು, ಅದರ ಜೊತೆಗಿರುವ ವಾಟರ್ ಪಂಪೂ ಹಾಗೆಯೇ. ಕೆಟ್ಟ ಬೆಲ್ಟ್ ಕಡಿದರೆ ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್‌ಗಳೇ ಬಾಗಿ ಕೂರುತ್ತವೆ.

ವೈಪರ್, ಏರ್ ಫಿಲ್ಟರ್, ಎ.ಸಿ. ಫಿಲ್ಟರ್, ಬ್ಯಾಟರಿ, ಇವಕ್ಕೆ ಶೋರೂಂ ಡಬ್ಬಿ ಬೇಕೇ ಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆ ಹೆಸರಿನದು ಹಾಕಿ, ಸಾಕು. ಬಲ್ಬ್ ಕೂಡ ಅಷ್ಟೇ, ಆದರೆ ವ್ಯಾಟ್ ಜಾಸ್ತಿ ಮಾಡಬೇಡಿ. 60/55 ವ್ಯಾಟ್ ಇರುವ ಕಡೆ 100/90 ಹಾಕಿಸಿಕೊಂಡು ಬರುತ್ತಾರೆ. ಆಮೇಲೆ ಹೋಲ್ಡರ್ ಕರಗಿದೆ, ವೈರ್ ಸುಟ್ಟಿದೆ ಅಂತ ಬರುವುದೂ ಅವರೇ. ಎದುರಿಗೆ ಬರುವವರ ಶಾಪ ಬೇರೆ. ರಬ್ಬರ್ ವಿಷಯದಲ್ಲಿ ಮಾತ್ರ ನಾನು ಜಿಪುಣನಲ್ಲ. ನಮ್ಮ ರಸ್ತೆಯ ಹಂಪು, ಗುಂಡಿಗಳಿಗೆ ಲೋಕಲ್ ಸಸ್ಪೆನ್ಷನ್ ಬುಷ್ ವರ್ಷ ತಡೆದರೆ ಅದೇ ದೊಡ್ಡದು. ಏರ್‌ಬ್ಯಾಗ್, ಸೀಟ್‌ಬೆಲ್ಟ್, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್ ವಿಷಯಕ್ಕೆ ಬಂದರೆ ಚರ್ಚೆಯೇ ಇಲ್ಲ, ಕಂಪನಿಯದೇ.

ಬ್ರೇಕ್ ಪ್ಯಾಡ್ ಬಗ್ಗೆ ಜನ ತುಂಬ ಕೇಳುತ್ತಾರೆ. ಹೆಸರಿರುವ ಬ್ರೇಕ್ ಕಂಪನಿಯದಾದರೆ ಹೊರಗಿನದು ಹಾಕಲು ನನ್ನ ಅಡ್ಡಿ ಇಲ್ಲ. ಆದರೆ ಅರ್ಧಕ್ಕಿಂತ ಕಡಿಮೆ ರೇಟಿನ ಪ್ಯಾಡ್ ತಂದು "ಇದನ್ನೇ ಹಾಕಿ" ಅನ್ನುವವರಿಗೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ ಅಂತ ಕೈ ಮುಗಿಯುತ್ತೇನೆ. ಅಂಥ ಅಗ್ಗದ ಗಟ್ಟಿ ಪ್ಯಾಡ್ ತಾನು ಸವೆಯುವುದಿಲ್ಲ, ಡಿಸ್ಕನ್ನು ತಿನ್ನುತ್ತದೆ. "ಎರಡು ವರ್ಷ ಆಯ್ತು, ಪ್ಯಾಡ್ ಇನ್ನೂ ಹಾಗೇ ಇದೆ" ಅಂತ ಖುಷಿಪಟ್ಟವರೊಬ್ಬರ ಡಿಸ್ಕಿನ ಅಂಚಿನಲ್ಲಿ ದಪ್ಪ ಏಣು ಬಿದ್ದಿತ್ತು.

ಪಾರ್ಟಿನ ಕತೆ ಇಷ್ಟು. ನನಗೆ ಹೆಚ್ಚು ಭಯ ಇರುವುದು ಆಯಿಲ್, ಕೂಲೆಂಟ್, ಬ್ರೇಕ್ ಫ್ಲೂಯಿಡ್‌ಗಳದ್ದು. ಕೆಟ್ಟ ಪಾರ್ಟ್ ಕಿರುಚುತ್ತದೆ. ಕಟಕಟ ಅನ್ನುತ್ತದೆ, ಅಲ್ಲಾಡುತ್ತದೆ, ನಿಮಗೆ ಗೊತ್ತಾಗುತ್ತದೆ. ತಪ್ಪು ಫ್ಲೂಯಿಡ್ ಹೆಚ್ಚಿನ ಸಲ ಏನೂ ಹೇಳುವುದಿಲ್ಲ. ಸುಮ್ನೆ ಒಳಗೆ ಕೂತು ವರ್ಷಗಟ್ಟಲೆ ಕೆಡಿಸುವ ಕೆಲಸ ಮಾಡುತ್ತದೆ.

ಇದನ್ನು ನಾನು ಪೆಟ್ಟು ತಿಂದೇ ಕಲಿತವನು. ಗ್ಯಾರೇಜ್ ಶುರು ಮಾಡಿದ ಹೊಸತು. ಒಂದು ಸಿವಿಟಿ ಕಾರು ಬಂತು, ಅಂದರೆ ಬೆಲ್ಟು-ಪುಲ್ಲಿಯ ಮೇಲೆ ಓಡುವ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು. ಕಂಪನಿ ಫ್ಲೂಯಿಡ್ ಸ್ಟಾಕ್ ಇರಲಿಲ್ಲ. ಅಂಗಡಿಯವನು "ಇದು ಎಲ್ಲಾ ಆಟೊಮ್ಯಾಟಿಕ್‌ಗೂ ಆಗುತ್ತೆ ಅಣ್ಣಾ" ಅಂತ ಒಂದು ಕ್ಯಾನ್ ಕೊಟ್ಟ. ನಂಬಿದೆ, ಹಾಕಿದೆ. ಕೆಲವು ದಿನಕ್ಕೆ ಕಾರು ನಿಂತಲ್ಲಿಂದ ಹೊರಡುವಾಗ ನಡುಗಲು ಶುರು. ಸಿವಿಟಿ ಒಳಗೆ ಉಕ್ಕಿನ ಬೆಲ್ಟ್ ಪುಲ್ಲಿಯನ್ನು ಹಿಡಿದು ಓಡಬೇಕು. ಮಾಮೂಲಿ ಆಟೊಮ್ಯಾಟಿಕ್ ಆಯಿಲ್‌ಗೆ ಆ ಹಿಡಿತ ಕೊಡಲು ಬರುವುದಿಲ್ಲ. ಸರಿಯಾದ ಫ್ಲೂಯಿಡ್ ತರಿಸಿ, ಎರಡೆರಡು ಸಲ ಬದಲಿಸಿ, ನನ್ನ ಕೈಯಿಂದ ದುಡ್ಡು ಹಾಕಿ ಸರಿ ಮಾಡಿಕೊಟ್ಟೆ. ಅವತ್ತಿನಿಂದ ನನ್ನಲ್ಲಿ ಒಂದು ಕಟ್ಟಳೆ. ಹೋಂಡಾ ಎಚ್‌ಸಿಎಫ್-2 ಕೇಳಿದರೆ ಎಚ್‌ಸಿಎಫ್-2, ನಿಸಾನ್ ಎನ್‌ಎಸ್-3 ಕೇಳಿದರೆ ಎನ್‌ಎಸ್-3, ಟೊಯೊಟಾ ಡಬ್ಲ್ಯೂಎಸ್ ಕೇಳಿದರೆ ಡಬ್ಲ್ಯೂಎಸ್. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ರೇಟು ಕೇಳಬೇಡಿ, ಕಂಪನಿಯದನ್ನೇ ಹಾಕಿ. ಇನ್ನು ಎಎಂಟಿ ಕಾರಿಗೆ ಆಟೊಮ್ಯಾಟಿಕ್ ಆಯಿಲ್ ಹಾಕಲು ಹೋಗುವವರೂ ಇದ್ದಾರೆ. ಎಎಂಟಿ ಒಳಗೆ ಇರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು.

ಇಂಜಿನ್ ಆಯಿಲ್‌ನಲ್ಲಿ ಹಾಗಲ್ಲ. ಅಲ್ಲಿ ನಂಬರ್ ಹೊಂದಿದರೆ ಯಾವ ಒಳ್ಳೆ ಬ್ರ್ಯಾಂಡೂ ಸರಿ. ಕಾರು ಕಂಪನಿಗೆ ತನ್ನದೇ ಎಣ್ಣೆ ಬಾವಿ ಇರುವುದಿಲ್ಲ, ಅಲ್ವಾ? ಡಬ್ಬಿಯಲ್ಲಿ ಎರಡು ವಿಷಯ ನೋಡಿ. ಒಂದು, ಎಷ್ಟು ತೆಳು: 0ಡಬ್ಲ್ಯೂ-20, 5ಡಬ್ಲ್ಯೂ-30, ಹೀಗೆ. ಇನ್ನೊಂದು, ಗುಣ: ಅಮೆರಿಕದ ಎಪಿಐ ಮಾನದಂಡದ ಎಸ್‌ಎನ್, 2020ರಲ್ಲಿ ಬಂದ ಎಸ್‌ಪಿ, ಅಥವಾ ಯುರೋಪಿನ ಎಸಿಇಎ ಮಾನದಂಡದ ಸಿ3, ಹೀಗೆ. ಇವೆರಡೂ ಕಾರಿನ ಮ್ಯಾನುವಲ್‌ನಲ್ಲಿ ಇರುತ್ತವೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಇನ್ನು ಕೆಲವರಿಗೆ "ದಪ್ಪ ಇದ್ದಷ್ಟೂ ಒಳ್ಳೇದು" ಅನ್ನುವ ನಂಬಿಕೆ. ಅದು ಅಂಬಾಸಿಡರ್, ಪದ್ಮಿನಿ ಕಾಲದ್ದು. ಈಗಿನ ಇಂಜಿನ್‌ನ ಸಣ್ಣ ಸಣ್ಣ ದಾರಿಗಳಲ್ಲಿ 20ಡಬ್ಲ್ಯೂ-50 ಹರಿಯುವ ಹೊತ್ತಿಗೆ ಆಗಬಾರದ್ದು ಆಗಿರುತ್ತದೆ.

ಡೀಸೆಲ್ ಕಾರಿನವರು ಇನ್ನೂ ಹುಷಾರಾಗಿರಬೇಕು. ಏಪ್ರಿಲ್ 2020ರಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂತು. ಅದರ ಜೊತೆ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಮಸಿ ಜರಡಿಯೂ ಬಂತು. ಮಸಿ ತುಂಬಿದರೆ ಕಾರು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಆಯಿಲ್ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಇವಕ್ಕೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಹಳೇ ಟೆಂಪೋಗೆ ಹಾಕುವ ಡೀಸೆಲ್ ಆಯಿಲ್ ಹಾಕಿ ಸರ್ವೀಸಿನಲ್ಲಿ ಉಳಿಸಿದ ದುಡ್ಡು ಡಿಪಿಎಫ್ ಬಿಲ್ಲಿನ ಮುಂದೆ ಚಿಲ್ಲರೆ.

ಕೂಲೆಂಟ್‌ನಲ್ಲಿ ಜನ ಬಣ್ಣ ನೋಡುತ್ತಾರೆ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು. ಬಣ್ಣ ಬರೀ ಡೈ. ಒಳಗಿನ ರಸಾಯನ ಬೇರೆ ಬೇರೆ ಜಾತಿಯದ್ದು. ಹೊಂದದ ಎರಡನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವು ಸಲ ಗಸಿ ಕಟ್ಟುತ್ತದೆ. ಹಾಗಂತ ಬೋರ್‌ವೆಲ್ ನೀರು ಸುರಿಯುವುದು ಅದಕ್ಕಿಂತ ಕೆಟ್ಟದ್ದು. ಮನೆಯ ಗೀಸರ್ ಕಾಯಿಲ್ ಬಿಚ್ಚಿ ನೋಡಿದ್ದೀರಾ? ಅದೇ ಬಿಳಿ ಕರಣೆ ರೇಡಿಯೇಟರ್ ಒಳಗೂ ಕಟ್ಟುತ್ತದೆ.

ಬ್ರೇಕ್ ಫ್ಲೂಯಿಡ್‌ಗೆ ಬ್ರ್ಯಾಂಡ್ ಮುಖ್ಯ ಅಲ್ಲ, ವಯಸ್ಸು ಮುಖ್ಯ. ಅದು ಗಾಳಿಯಿಂದ ನೀರು ಹೀರುತ್ತದೆ. ಡಾಟ್-4 ಗ್ರೇಡಿನ ಫ್ಲೂಯಿಡ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಟ್ಟ 155 ಅಷ್ಟೇ. ಧರ್ಮಸ್ಥಳಕ್ಕೆ ಅಂತ ಕಾರು ತುಂಬ ಜನ ಕೂರಿಸಿಕೊಂಡು ಚಾರ್ಮಾಡಿ ಇಳಿಯುವಾಗ ಒಂದೇ ಸಮ ಬ್ರೇಕ್ ಒತ್ತಿದರೆ ಹಳೇ ಫ್ಲೂಯಿಡ್ ಕುದಿದು ಆವಿಯಾಗುತ್ತದೆ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಸಣ್ಣ ಬಾಟಲಿ ತನ್ನಿ, ಮುಚ್ಚಳ ತೆಗೆದು ತಿಂಗಳುಗಟ್ಟಲೆ ಇಟ್ಟದ್ದು ಬೇಡ. ಡಾಟ್-5 ಅಂತ ಇದ್ದರೆ ನಂಬರ್ ಜಾಸ್ತಿ ಅಂತ ಕೊಳ್ಳಬೇಡಿ. ಅದು ಸಿಲಿಕೋನ್, ನಮ್ಮ ಕಾರುಗಳದ್ದಲ್ಲ.

ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದಾ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ಕೈಯಲ್ಲಿಟ್ಟುಕೊಂಡಿದ್ದಕ್ಕೆ. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಹಾಗಿಲ್ಲ, ಹೊರಗಿನ ಕೆಲಸದಿಂದ ಕೆಟ್ಟದ್ದಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತಲೂ ಆ ಆದೇಶದಲ್ಲಿತ್ತು. ಆಮೇಲೆ ಮೇಲ್ಮನವಿ, ಕೋರ್ಟು ಅಂತ ಅದು ಓಡಾಡಿತು. ಶೋರೂಂ ಕೌಂಟರ್‌ನಲ್ಲಿ ನಿಂತು ಕಾನೂನು ಮಾತಾಡುವ ತಾಳ್ಮೆ ಎಷ್ಟು ಜನಕ್ಕಿದೆ? ವಾರಂಟಿ ಇರುವವರೆಗೆ ಶೋರೂಂಗೇ ಹೋಗಿ ಅಂತ ನಾನೇ ಹೇಳುತ್ತೇನೆ, ನನಗೆ ಗಿರಾಕಿ ಕಡಿಮೆಯಾದರೂ. ಹೊರಗೆ ಮಾಡಿಸಿದರೆ ಬಿಲ್ಲಿನಲ್ಲಿ "ಆಯಿಲ್ ಸರ್ವೀಸ್" ಅಂತ ಅಷ್ಟೇ ಬರೆಸಬೇಡಿ. ಯಾವ ಆಯಿಲ್, ಯಾವ ಗ್ರೇಡ್, ಫಿಲ್ಟರ್ ನಂಬರ್, ಎಷ್ಟು ಕಿಲೋಮೀಟರ್, ಎಲ್ಲಾ ಬರೆಸಿಕೊಳ್ಳಿ.

ಡೂಪ್ಲಿಕೇಟು ಮಾಡುವವರಿಗೆ ಬೇಡಿಕೆ ಇರುವ ಡಬ್ಬಿಯೇ ಬೇಕು, ಹೆಸರಿಲ್ಲದ್ದನ್ನು ಯಾರೂ ನಕಲು ಮಾಡುವುದಿಲ್ಲ. ಒರಿಜಿನಲ್ ಡಬ್ಬಿ ಅರ್ಧ ರೇಟಿಗೆ ಸಿಕ್ಕಿತು ಅಂದರೆ ಖುಷಿಪಡಬೇಡಿ, ಅನುಮಾನಪಡಿ. ನಮ್ಮಲ್ಲಿ ಆಯಿಲ್ ಸುರಿದ ಮೇಲೆ ಖಾಲಿ ಕ್ಯಾನಿಗೆ ಸ್ಕ್ರೂಡ್ರೈವರ್‌ನಿಂದ ಎರಡು ತೂತು ಹೊಡೆಯುತ್ತೇವೆ. ಚೆನ್ನಾಗಿರುವ ಖಾಲಿ ಕ್ಯಾನಿಗೆ ಗುಜರಿಯವರು ಜಾಸ್ತಿ ಕಾಸು ಕೊಡುತ್ತಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಾ? ನಿಮ್ಮ ಮೆಕ್ಯಾನಿಕ್ ಸೀಲ್ ಒಡೆಯುವುದು ನಿಮ್ಮ ಕಣ್ಣೆದುರಿಗೇ ಆಗಲಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೇಷ್ಟ್ರು ಈಗ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದಾರೆ. ಆಯಿಲ್ ಗ್ರೇಡು, ಕೂಲೆಂಟ್ ಜಾತಿ, ಡಾಟ್ ನಂಬರು, ಫಿಲ್ಟರ್ ನಂಬರು, ಎಲ್ಲಾ ದುಂಡಗಿನ ಅಕ್ಷರದಲ್ಲಿ. ಹೋದ ತಿಂಗಳು ಬಂದಾಗ ಪೆನ್ ತೆಗೆದು ಕೇಳಿದರು, "ಗಾಜು ತೊಳೆಯೋ ನೀರಿಗೆ ಯಾವ ನಂಬರಪ್ಪಾ?"

"ಅದಕ್ಕೆ ನಲ್ಲೀಲಿ ಬರೋ ಕಾವೇರಿ ನೀರು, ಅಂಗಡೀಲಿ ಸಿಗೋ ಶಾಂಪೂ ಸ್ಯಾಶೆ ಸಾಕು ಮೇಷ್ಟ್ರೇ" ಅಂದೆ. ಅದನ್ನೂ ಬರೆದುಕೊಂಡರು.